ತೂಕದ ಹೊತ್ತು

ಸಂಜೆ ಐದಕ್ಕೆ ತಕ್ಕಡಿ ತೂಗುಹಾಕುತ್ತೇನೆ,
ಮಾಲ್ದಾರೆ ರಸ್ತೆಯ ಕಡೆಯ ಗೇಟಿನ ಹತ್ತಿರ,
ಹಲಸಿನ ಕೊಂಬೆಗೆ.
ಗಡಿಯಾರದ ಹಾಗೆ ದುಂಡು ಮುಖ ಅದಕ್ಕೆ,
ಒಂದೇ ಮುಳ್ಳು.
ಹೆಂಗಸರು ಚೀಲ ಹೊತ್ತು ಸಾಲಾಗಿ ಬರುತ್ತಾರೆ,
ಬೆರಳಿಗೆಲ್ಲ ರೊಬಸ್ಟಾ ಹಣ್ಣಿನ ಅಂಟು,
ತಲೆಗೂದಲಲ್ಲಿ ಕೆಂಜಿಗ, ಎಲೆಚೂರು.
ಗಟ್ಟಿಯಾಗಿ ಕರೆಯುತ್ತೇನೆ: ಚೋಮಿ, ನಲವತ್ತೊಂದು.
ಬರೆಯುವುದು ನಲವತ್ತು.
ಚೀಲದ ತೂಕಕ್ಕೆ ಒಂದು ಕಿಲೋ.

ಹಿಂದೆ ಗೋಣಿಚೀಲ ಇತ್ತು, ಆಗ ಸರಿ.
ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ,
ತೊಳೆದು ಹಿಂಡಿದರೆ ಮಗುವಿನ ಅಂಗಿಯಷ್ಟು ಹಗುರ.
ಚೀಲ ಬದಲಾಯಿತು, ಲೆಕ್ಕ ಬದಲಾಗಲಿಲ್ಲ.
ನನಗೂ ಗೊತ್ತು, ಅವರಿಗೂ ಗೊತ್ತು.
ಹಿಂದಿನ ರೈಟರು ಬಿಟ್ಟುಹೋದ ಪುಸ್ತಕ,
ನಾನು ಗೆರೆ ಹೊಡೆದವನಲ್ಲ,
ತುಂಬುವವನಷ್ಟೆ.

ಪ್ರಾರ್ಥನೆ ಬಿಟ್ಟವನಲ್ಲ ನಾನು.
ಬೆಳಿಗ್ಗೆ ಕಾಫಿಗೆ ಮೊದಲು ಒಂದು ಅಧ್ಯಾಯ,
ರಾತ್ರಿ ಅನ್ನದ ಮುಂದೆ ನಾಲ್ಕು ಮಾತು
(ಸಾರು ಆರುವ ಮುಂಚೆ ಆಮೆನ್ ಅನ್ನಿ, ಅನ್ನುತ್ತಾಳೆ ಸುಗಂಧಿ),
ಭಾನುವಾರ ಅಮ್ಮತ್ತಿ ಬಸ್ಸು, ಸಭೆ,
ಕಾಣಿಕೆ ತಟ್ಟೆ ಹಿಡಿಯುವುದೂ ನಾನೇ.
ಬಾಗಿಲಲ್ಲಿ ಕೈಕುಲುಕುತ್ತ ಅಯ್ಯನವರು ಒಮ್ಮೆ ಕೇಳಿದರು,
"ಈ ವಾರ ದೇವರು ಎಲ್ಲಿ ಸಿಕ್ಕ, ಜೀವಪ್ರಕಾಶ?"
ನಕ್ಕುಬಿಟ್ಟೆ.
ಸಿಗುವುದು ಅಂದರೇನು? ಇದ್ದಾನೆ,
ಸಂಬಳದ ಚೀಟಿಯ ಮೇಲೆ ತೋಟದ ಹೆಸರು ಇರುವ ಹಾಗೆ.
ಅದನ್ನು ಯಾರು ಓದುತ್ತಾರೆ,
ಎಲ್ಲರ ಕಣ್ಣೂ ಕೆಳಗಿನ ಮೊತ್ತಕ್ಕೆ.

ಆವತ್ತು ಬೊಳ್ಚಿಯ ಚೀಲ ಕೊಕ್ಕೆಗೆ ಸಿಕ್ಕಿಸಿದ್ದೆನಷ್ಟೆ,
ಮುಳ್ಳು ಇನ್ನೂ ಆಡುತ್ತಿತ್ತು,
ಮುತ್ತ ಕೈ ಎತ್ತಿದ.
ಆನೆ ಕಾಯುವವನು ಅವನು, ಕೂಗುವುದಿಲ್ಲ.
ಕೈ ಎತ್ತಿದನೆಂದರೆ ಎಲ್ಲರೂ ಕಲ್ಲು.

ಏನೂ ಕಾಣಲಿಲ್ಲ.
ನಮ್ಮಲ್ಲಿ ಆನೆ ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕೊನೆಗೆ.
ಮೊದಲು ಪಿಕಳಾರಗಳು ಸುಮ್ಮನಾಗುತ್ತವೆ,
ಆಮೇಲೆ ವಾಸನೆ, ಒದ್ದೆ ಹುಲ್ಲು ಬೆವರಿದ ಹಾಗೆ,
ಎಲ್ಲೋ ಬೈನೆ ಮುರಿದ ಒಂದು ಲಟಕ್ಕು,
ಆಮೇಲೆ ಅದೂ ಇಲ್ಲ.
ಅಷ್ಟು ದೊಡ್ಡದು ಇಷ್ಟು ಹತ್ತಿರ ನಿಂತು
ಒಂದೆಲೆ ಅಲುಗದ ಹಾಗೆ ಇರಬಲ್ಲದು.

ಆ ನಿಶ್ಶಬ್ದದಲ್ಲಿ ನನಗೆ ನೋಡಲಿಕ್ಕೆ ಇದ್ದದ್ದು ಮುಳ್ಳು ಒಂದೇ.
ಆಡಿ ಆಡಿ ನಿಂತಿತು.
ಮೂವತ್ತಾರೂವರೆ.
ಬೊಳ್ಚಿ ಅದನ್ನು ನೋಡುತ್ತಿರಲಿಲ್ಲ, ಅಂಕಿ ಬಾರದು ಅವಳಿಗೆ.
ನನ್ನ ಪೆನ್ನು ನೋಡುತ್ತಿದ್ದಳು,
ಪಂಕ್ತಿಯ ಕೊನೆಯಲ್ಲಿ ಕೂತವರು
ಬಡಿಸುವ ಕೈ ನೋಡುವ ಹಾಗೆ.

ಆಗ, ಹೇಗೆ ಹೇಳಲಿ,
ತಕ್ಕಡಿಯ ಮುಖಕ್ಕೂ ನನ್ನ ಮುಖಕ್ಕೂ ನಡುವೆ
ಒಂದು ಗೇಣು ಗಾಳಿ ಇತ್ತಲ್ಲ,
ಅದು ಖಾಲಿ ಇರಲಿಲ್ಲ.
ಬೆಳಕಿಲ್ಲ, ದನಿಯಿಲ್ಲ.
ಹೆದರಿಕೆ ಇತ್ತು, ಸುಳ್ಳೇಕೆ.
ಅದಕ್ಕಿಂತ ಹೆಚ್ಚು ನಾಚಿಕೆ:
ಜಗಲಿಯಲ್ಲಿ ಬಂಧು ಬಂದು ಕೂತು ಎಷ್ಟೋ ಹೊತ್ತಾಗಿ,
ಒಳಗೆ ನಾವು ಅವರ ವಿಷಯವನ್ನೇ
ಜೋರಾಗಿ ಮಾತಾಡುತ್ತಿದ್ದೆವೆಂದು ತಿಳಿದಾಗ
ಆಗುತ್ತದಲ್ಲ, ಅಂಥದ್ದು.
ಅವರು ಏನೂ ಅನ್ನುವುದಿಲ್ಲ. ನೀರು ಕೇಳುತ್ತಾರೆ.

ಮುತ್ತ ಕೈ ಇಳಿಸಿದ.
ಹಕ್ಕಿ ಶುರುವಾದವು, ಯಾರೋ ಕೆಮ್ಮಿದರು,
ಸಾಲೆಲ್ಲ ಒಮ್ಮೆಗೇ ನಕ್ಕಿತು.
"ಬರೀರಿ ರೈಟರೇ, ಕತ್ತಲಾಯ್ತು."
ಖಾಲಿ ಚೀಲವೊಂದನ್ನು ಕೊಕ್ಕೆಗೆ ಹಾಕಿದೆ.
ಮುಳ್ಳು ಏಳಲೇ ಇಲ್ಲ.
ಮೂವತ್ತಾರೂವರೆ, ಬರೆದೆ.
ಚೋಮಿಯದೂ ತಿದ್ದಿದೆ. ಹಿಂದಿನ ಪುಟಗಳು
ಹಾಗೇ ಇವೆ; ಅವುಗಳಿಗೆ ಏನು ಮಾಡಲಿ ತಿಳಿಯದು.
ಶನಿವಾರ ಮ್ಯಾನೇಜರು ಕೇಳುತ್ತಾರೆ.

ರಾತ್ರಿ ಅನ್ನದ ಮುಂದೆ ಕಣ್ಣು ಮುಚ್ಚಿದೆ.
ದಿನಾ ಬರುವ ನಾಲ್ಕು ಮಾತು ಬರಲಿಲ್ಲ.
ಹೊರಗೆ ಜೀರುಂಡೆ ನಿಂತ ಹಾಗಿತ್ತು.
"ಯಾಕೆ, ಆನೆಯಾ?" ಸುಗಂಧಿ ಪಿಸುಗುಟ್ಟಿದಳು.
ತಲೆಯಾಡಿಸಿದೆ,
ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ.
ಇಬ್ಬರೂ ಸುಮ್ಮನೆ ಕೂತೆವು.
ಸಾರು ಆರಿತು.